ಹನ್ನೊಂದು ಗಂಡು ಮೊಲಗಳ ಪುಸ್ತಕ

ನಮ್ಮೂರು ಕಾಲ್ಟೆನ್‌ರೋಡಿನ ಫುಟ್‌ಬಾಲ್ ಸಂಘದವರನ್ನು ಸುತ್ತಲ ಹತ್ತೂರಿನವರೂ ಕರೆಯುತ್ತಿದ್ದುದು ‘ಮೊಲಗಳು’ ಎಂದೇ. ಪಕ್ಕದ ವೀಸೆಲ್‌ಬಾಖಿನವರಂತೂ ಪಂದ್ಯಕ್ಕೆ ಬರುವಾಗ ಬುಟ್ಟಿ ತುಂಬ ಕ್ಯಾರೆಟ್ ತಂದು, ನಮ್ಮ ಹುಡುಗರು ಮೈದಾನಕ್ಕೆ ಇಳಿದ ಕೂಡಲೇ ಕಾಲಬುಡಕ್ಕೆ ಎಸೆಯುತ್ತಿದ್ದರು. ನಾನು ಅವನ್ನೆಲ್ಲ ಆರಿಸಿಕೊಂಡು ಹೋಗಿ, ತೊಳೆದು, ಸೂಪ್ ಮಾಡಿ ನಮ್ಮ ಹುಡುಗರಿಗೇ ಬಡಿಸುತ್ತಿದ್ದೆ. ಬೈಗುಳವನ್ನೂ ಬೇಯಿಸಿ ತಿನ್ನುತ್ತಾರೆ ಎಂದು ಅದಕ್ಕೂ ನಗುತ್ತಿದ್ದರು. ನಗಲಿ, ಸೂಪ್ ಚೆನ್ನಾಗಿರುತ್ತಿತ್ತು.

ನಾನು ಇರ್ಮಾ ಟೀಲ್. ಇಪ್ಪತ್ತೆಂಟು ವರ್ಷದಿಂದ ತಂಡದ ಅಂಗಿ ಚಡ್ಡಿ ಒಗೆಯುವವಳು. ಒಬ್ಬೊಬ್ಬ ಆಟಗಾರನ ಯೋಗ್ಯತೆ ಏನೆಂದು ಅವನ ಅಂಗಿಯ ಕೆಸರು ನೋಡಿ ಹೇಳಬಲ್ಲೆ. ಅಂಗಿ ಶುಭ್ರವಾಗಿ ಬಂದವನಿಗೆ ಮುಖದ ಮೇಲೇ ಕೇಳುತ್ತೇನೆ: “ಏನಪ್ಪಾ, ಚರ್ಚಿಗೆ ಹೋಗಿದ್ಯಾ, ಆಡೋಕೆ ಹೋಗಿದ್ಯಾ?”

ಮೊಲಗಳು ಎಂಬ ಹೆಸರು ಬಂದ ಕಥೆ ಊರಿಗೇ ಗೊತ್ತು. ನಮ್ಮದು ಕಲ್ಲುಗಣಿಯ ಕೂಲಿಗಳು ಕಟ್ಟಿದ ಸಂಘ, ೧೯೨೪ರದ್ದು. ಮೂವತ್ತಮೂರರಲ್ಲಿ ನಾಜಿಗಳು ಕಾರ್ಮಿಕರ ಆಟದ ಸಂಘಗಳಿಗೆಲ್ಲ ಬೀಗ ಜಡಿದಾಗ ನಮ್ಮ ಹಿರಿಯರು ತುಟಿಪಿಟಕ್ಕೆನ್ನದೆ ಚೆಂಡು ಕೆಳಗಿಟ್ಟು, ಮೊಲ ಸಾಕುವವರ ಸಂಘ ಕಟ್ಟಿಕೊಂಡರಂತೆ. ಯುದ್ಧ ಮುಗಿದು ನಲವತ್ತಾರರಲ್ಲಿ ಮತ್ತೆ ಚೆಂಡು ಎತ್ತಿಕೊಂಡರಂತೆ. ನನ್ನಪ್ಪ ಆ ಮೊಲದ ಸಂಘದ ಕಾರ್ಯದರ್ಶಿ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮಕ್ಕಳು ನನ್ನ ಬೆನ್ನ ಹಿಂದೆ ಕುಪ್ಪಳಿಸುತ್ತಿದ್ದರು. ಆ ಅವಮಾನ ನನ್ನ ಹೊಟ್ಟೆಯಲ್ಲಿ ಐವತ್ತರ ಹತ್ತಿರಕ್ಕೆ ಬಂದರೂ ಕರಗಿರಲಿಲ್ಲ.

೧೯೮೪ರಲ್ಲಿ ಸಂಘಕ್ಕೆ ಅರವತ್ತು ತುಂಬುವುದಿತ್ತು. ಬಣ್ಣದ ಕಾಗದದ ತೋರಣ ಕತ್ತರಿಸುತ್ತಾ ಕೂತಿದ್ದಾಗಲೇ ವಕೀಲರ ಕಾಗದ ಬಂತು. ಮರದ ಮಿಲ್ಲಿನ ಫೋಲ್ಕ್‌ಮಾರ್ ರೇಬೈನ್ ನಮ್ಮ ಮೈದಾನ ತನ್ನದೆಂದು ದಾವೆ ಹೂಡಿದ್ದ. ಗಣಿಯ ಹಿಂದಿನ ಆ ಹುಲ್ಲುಗಾವಲನ್ನು ನಮಗೆ ಕೊಟ್ಟವಳು ಅವನ ದೊಡ್ಡಜ್ಜಿ, ಗಣಿ ಮಾಲೀಕನ ವಿಧವೆ ಅಡೆಲ್‌ಹೈಡ್. ಕೊಡುವಾಗ ಪತ್ರದಲ್ಲಿ ಒಂದು ಷರತ್ತು ಬರೆಸಿದ್ದಳು: ಪ್ರತಿ ವರ್ಷ ಒಂದಾದರೂ ಫುಟ್‌ಬಾಲ್ ಪಂದ್ಯ ಇಲ್ಲಿ ನಡೆಯುವವರೆಗೆ ಜಾಗ ಸಂಘದ್ದು, ಒಂದೇ ಒಂದು ವರ್ಷ ತಪ್ಪಿದರೂ ನನ್ನ ವಾರಸುದಾರರದ್ದು. ಮೂವತ್ತಮೂರರಿಂದ ನಲವತ್ತೈದರವರೆಗೆ ನೀವು ಮೊಲ ಸಾಕುತ್ತಿದ್ದಿರಲ್ಲ, ಜಾಗ ಅಂದೇ ನಮಗೆ ಬಂದಾಯಿತು, ಈಗ ಅಲ್ಲಿ ಮರದ ದಿಮ್ಮಿ ಪೇರಿಸುತ್ತೇವೆ ಎಂದು ಕಾಗದ ಹೇಳುತ್ತಿತ್ತು. ನಮಗೆ ಬೇರೆ ಮೈದಾನವಿಲ್ಲ. ಉಳಿದದ್ದೆಲ್ಲ ಗುಡ್ಡ ಇಲ್ಲವೇ ಗಣಿಯ ಗುಂಡಿ. ಮೈದಾನ ಹೋದರೆ ಸಂಘವೂ ಹೋದಂತೆಯೇ.

ಅಧ್ಯಕ್ಷ ಹಾಪ್, ಬೇಕರಿಯವರು, ಕಾಗದ ಓದಿ ಮುಗಿಸಿ ತಲೆ ಮೇಲೆ ಕೈಹೊತ್ತು ಕೂತರು. “ಮುಗೀತು. ಇದಕ್ಕೆ ಉತ್ತರ ಏನಂತ ಕೊಡೋಣ? ನಮ್ಮಪ್ಪಂದ್ರು ಆಡಿಲ್ಲ ಅನ್ನೋದು ಕೋಳಿಗೂ ಗೊತ್ತು.”

“ಕೋಳಿಗೇನ್ ಗೊತ್ತು, ಮಣ್ಣಾಂಗಟ್ಟಿ!” ಎಂದರು ಮೂಲೆಯಿಂದ ವೆಂಡೆಲಿನ್ ಡೋರ್. ಎಪ್ಪತ್ತಾರು ವರ್ಷ, ಒಂದು ಕಾಲದ ಗೋಲ್‌ಕೀಪರ್, ಮೂವತ್ತಮೂರರ ತಂಡದಲ್ಲಿ ಬದುಕಿ ಉಳಿದಿದ್ದ ಒಬ್ಬರೇ ಒಬ್ಬರು. ನಾನು ಅವರನ್ನು ಮಾಮ ಎನ್ನುತ್ತೇನೆ. ಗ್ಲಾಸಿನಲ್ಲಿ ಅರ್ಧ ಬಿಯರ್ ಬಿಟ್ಟು ಎದ್ದರು. ಅವರು ಬಿಯರ್ ಬಿಟ್ಟು ಎದ್ದದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಸ್ಮಶಾನದಲ್ಲಿ ಒಂದೊಂದೇ ಗೋರಿಯ ಮುಂದೆ ಟೋಪಿ ತೆಗೆದು ನಿಂತಿದ್ದರೆಂದು ಅಂಚೆಯವನು ಹೇಳಿದ. ಮಧ್ಯಾಹ್ನ ನೇರ ನನ್ನ ಒಗೆಯುವ ಕೋಣೆಗೆ ಬಂದರು.

“ಇರ್ಮಾ, ನಲ್ಲಿ ನಿಲ್ಸು. ಹೇಳೋದಿದೆ.”

“ಹೇಳಿ ಮಾಮ, ನೀರಿಗೇನು ಕಿವಿಯಿದ್ಯಾ?”

“ನಿಲ್ಸು ಅಂದ್ರೆ ನಿಲ್ಸೇ ಮಾರಾಯ್ತಿ. ಐವತ್ತೊಂದು ವರ್ಷ ಬಾಯಿ ಮುಚ್ಕೊಂಡಿದ್ದೀನಿ, ಎರಡೆರಡು ಸಲ ಹೇಳಕ್ಕಾಗಲ್ಲ. ಹನ್ನೊಂದು ಜನ ಚೆಂಡು ಮುಟ್ಟಿ ಆಣೆ ಮಾಡಿದ್ವಿ. ಹನ್ನೊಂದೂ ಜನ ಒಪ್ಪಿದ್ರೆ ಮಾತ್ರ ಬಾಯಿ ಬಿಡೋದು ಅಂತ. ಉಳಿದ ಹತ್ತು ಜನರನ್ನ ಇವತ್ತು ಕೇಳ್ಕೊಂಡು ಬಂದೆ. ಮೂರು ಜನ ರಷ್ಯಾದಲ್ಲೇ ಮಲಗಿದ್ದಾರೆ, ಅವರನ್ನ ಇಲ್ಲಿಂದ್ಲೇ ಕೇಳಿದೆ. ಯಾರೂ ಬೇಡ ಅನ್ಲಿಲ್ಲ.”

ನಾನು ನಲ್ಲಿ ನಿಲ್ಲಿಸಿದೆ.

“ನಮ್ಮ ಹತ್ರ ಒಂದು ಮೊಲಾನೂ ಇರ್ಲಿಲ್ಲ ಕಣೇ” ಎಂದರು.

ಭಾನುವಾರ ಬೆಳಗಾಗುತ್ತಲೇ ಕುಡುಗೋಲು, ಗೋಣಿಚೀಲ ಹಿಡಿದು ಹುಲ್ಲು ಕೊಯ್ಯಲು ಹೋಗುತ್ತಿದ್ದರಂತೆ. ಒಂದು ಚೀಲದ ತಳದಲ್ಲಿ ಚೆಂಡು. ಸೀಟಿ ಇಲ್ಲ, ಕೂಗಾಟ ಇಲ್ಲ, ಗೋಲು ಹೊಡೆದವನು ಬಾಯಿಗೆ ಟೋಪಿ ತುರುಕಿಕೊಂಡು ಕುಣಿಯುತ್ತಿದ್ದನಂತೆ. ಪೊಲೀಸರಿಗೆ ಅನುಮಾನ ಬರಬಾರದೆಂದು ಮೊಲದ ಸಂಘ. ಪಂದ್ಯದ ಲೆಕ್ಕ ಇಡದೆ ನನ್ನಪ್ಪನಿಗೆ ಉಂಡ ಅನ್ನ ಅರಗುತ್ತಿರಲಿಲ್ಲವಂತೆ, ಅದಕ್ಕೇ ಮೊಲದ ಪುಸ್ತಕ.

ನನ್ನ ಕೈಯಲ್ಲಿದ್ದ ಒದ್ದೆ ಅಂಗಿ ನೆಲಕ್ಕೆ ಬಿತ್ತು. ನಮ್ಮಲ್ಲಿ ‘ಮೂಕಾಟ’ ಎಂಬ ಪದ್ಧತಿಯಿದೆ. ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆಡುವ ಪಂದ್ಯದಲ್ಲಿ ಯಾರೂ ತುಟಿ ಎರಡು ಮಾಡುವಂತಿಲ್ಲ. ಬಾಯಿಬಿಟ್ಟವನು ಎಲ್ಲರಿಗೂ ಬಿಯರ್ ಕುಡಿಸಬೇಕು. ಅದು ಚರ್ಚಿನ ಹೊತ್ತೆಂದು ಹಾಗೆ ಮಾಡಿದ್ದಾರೆ ಎಂದುಕೊಂಡು ನಾವು ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಆಡಿದ್ದೆವು.

“ಯುದ್ಧ ಮುಗಿದ ಮೇಲಾದ್ರೂ ಹೇಳ್ಬಾರದಿತ್ತಾ ಮಾಮ? ನನ್ನ ಬೆನ್ನ ಹಿಂದೆ ಎಷ್ಟು ಜನ ಕುಪ್ಪಳಿಸಿದ್ರು ಗೊತ್ತಾ ನಿಮಗೆ?”

“ಆಣೆ ಅಂದ್ರೆ ಆಣೆ. ಮೊಲ ಅಂತ ಅವ್ರು ನಗೋವಾಗ ನಾವು ಒಳಗೊಳಗೇ ಅವರನ್ನ ನೋಡಿ ನಗ್ತಿದ್ವಲ್ಲ, ಆ ಸುಖ ಬೇರೆ ಇತ್ತು” ಎಂದು ಮುದುಕ ಕಿಸಕ್ಕೆಂದರು. ನನಗೆ ಸಿಟ್ಟೂ ಬಂತು, ಅವರನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಿದೆ.

ಪುಸ್ತಕ ಎಲ್ಲೂ ಹೋಗಿರಲಿಲ್ಲ. ಸಂಘದ ಕೋಣೆಯ ಬೀರುವಿನಲ್ಲಿ, ಪಂದ್ಯ ಗೆದ್ದ ಕಪ್ಪುಗಳ ಹಿಂದೆ, ಒಂದು ಕಡೆ ವಾಲುತ್ತಿದ್ದ ಹೂಜಿಯ ಕೆಳಗೆ ಆನಿಕೆಯಾಗಿ ಬಿದ್ದಿತ್ತು. ಹಳೆಯ ಕಾಲದ ಕೊಕ್ಕೆ ಅಕ್ಷರ, ಈಗಿನ ಹುಡುಗರಿಗೆ ಓದಲು ಬಾರದು. ನನ್ನ ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಕೊಂಡು ಕೂತೆವು. ಪುಟಕ್ಕೊಂದು ತಾರೀಖು, ಮೊಲಗಳ ಹೆಸರು, ಕೊನೆಗೆ ತೂಕ. ಪುಟದ ಕೆಳಗೆ ಠಾಣೆಯ ಮುದ್ರೆ, ಅದರ ತಾರೀಖು, ಹವಾಲ್ದಾರನ ಸಹಿ. ಹದ್ದಿನ ಗುರುತಿನ ಆ ಮುದ್ರೆ ನೋಡಿದರೆ ಇವತ್ತಿಗೂ ಮೈ ಉರಿಯುತ್ತದೆ. ಪ್ರತಿ ತಿಂಗಳೂ ಅಪ್ಪ ಆ ಪುಸ್ತಕವನ್ನು ಠಾಣೆಗೆ ಹಿಡಿದುಕೊಂಡು ಹೋಗಿ ನಿಲ್ಲುತ್ತಿದ್ದನಂತೆ. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು, ಒಂದು ವರ್ಷವೂ ತಪ್ಪಿರಲಿಲ್ಲ. ನಲವತ್ತೆರಡರ ಕೊನೆಯ ಪುಟಕ್ಕೆ ಬಂದಾಗ ವೆಂಡೆಲಿನ್ ಮಾಮನ ಬೆರಳು ನಿಂತಿತು.

“ಇಲ್ಲಿಂದಾಚೆ ನಂಗೊತ್ತಿಲ್ಲ ಇರ್ಮಾ. ಆಡೋ ಗಂಡಸರನ್ನೆಲ್ಲ ಯುದ್ಧಕ್ಕೆ ಎಳ್ಕೊಂಡು ಹೋದ್ರು. ನಿಮ್ಮಪ್ಪನೂ ಹೋದ, ನಾನೂ ಹೋದೆ.”

ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಒಂದು ವರ್ಷ ತಪ್ಪಿದರೂ ಎಲ್ಲ ಹೋಯಿತು. ಇಷ್ಟೆಲ್ಲ ಮಾಡಿಯೂ ಕೊನೆಗೆ ಕೈ ಖಾಲಿಯೇ. ಪುಟ ತಿರುಗಿಸಲು ಧೈರ್ಯ ಬರಲಿಲ್ಲ. ಮಾಮನೇ ತಿರುಗಿಸಿದರು.

ಆ ಪುಟದಲ್ಲೂ ಬರಹವಿತ್ತು. ಅಕ್ಷರ ಮಾತ್ರ ಬೇರೆ, ದುಂಡಗೆ, ಒತ್ತೊತ್ತಾಗಿ. ಮಾಮನಿಗೆ ಅದು ಯಾರದೆಂದು ತಿಳಿಯಲಿಲ್ಲ. ನಾನು ಎದ್ದು ಕಪಾಟು ತೆಗೆದು, ಅಮ್ಮ ಸಾಯುವ ವರ್ಷ ಮಾಡಿಟ್ಟಿದ್ದ ಪ್ಲಮ್ ಹಣ್ಣಿನ ಜಾಮಿನ ಖಾಲಿ ಬಾಟಲಿಯನ್ನು ತಂದು ಪುಸ್ತಕದ ಪಕ್ಕದಲ್ಲಿಟ್ಟೆ. ಬಾಟಲಿಯ ಚೀಟಿಯ ಮೇಲೂ ಅದೇ ದುಂಡಗಿನ ಅಕ್ಷರ.

‘ಮೇ ೨, ೧೯೪೩. ಗಂಡು ನಾಲ್ಕು, ಹೆಣ್ಣು ಏಳು.’ ಹೆಣ್ಣುಗಳ ಪಟ್ಟಿಯಲ್ಲಿ ಮೊದಲ ಹೆಸರು ಲೋನಿ. ನಮ್ಮಮ್ಮನ ಹೆಸರು ಅಪೊಲೋನಿಯಾ. ಊರೆಲ್ಲ ಕರೆಯುತ್ತಿದ್ದುದು ಲೋನಿ ಎಂದು.

ಭಾನುವಾರ ಬೆಳಿಗ್ಗೆ ಅಮ್ಮ ಹುಲ್ಲಿನ ಚೀಲ ಹೊತ್ತು ಬಂದು, ಒದ್ದೆ ಮಂಡಿ ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತು ಸುಮ್ಮಸುಮ್ಮನೆ ನಗುತ್ತಿದ್ದದ್ದು ನೆನಪಾಯಿತು. ಆಗ ನನಗೆ ಏಳು ವರ್ಷ. ಮಂಡಿಗೆ ಏನಾಯಿತಮ್ಮಾ ಎಂದರೆ ಇಬ್ಬನಿ ಎನ್ನುತ್ತಿದ್ದಳು. ಅಪ್ಪ ಬದುಕಿ ಬಂದ ಮೇಲೆ ಪುಸ್ತಕವನ್ನು ಮೊದಲಿನಂತೆಯೇ ಅವನ ಕೈಗೆ ಕೊಟ್ಟಿರಬೇಕು. ಆಮೇಲೆ ಐವತ್ತೈದರಲ್ಲಿ ದೇಶದ ಫುಟ್‌ಬಾಲಿನ ದೊಡ್ಡ ಮನುಷ್ಯರು ಹೆಂಗಸರು ಚೆಂಡು ಒದೆಯುವುದು ಸಲ್ಲದೆಂದು ನಿಷೇಧ ಹಾಕಿದ ದಿನ, ಅಮ್ಮ ಪೇಪರ್ ಓದಿ ಒಲೆಗೆ ಹಾಕಿ ಆಲೂಗಡ್ಡೆ ಹೆರೆಯಲು ಕೂತಿದ್ದಳು. ಮೇಜಿನ ಮೇಲೆ ತಲೆಯಿಟ್ಟು ನಾನು ಗೊಳೋ ಎಂದು ಅತ್ತೆ.

“ಅಳ್ಬೇಡ್ವೇ, ಶಾಯಿ ಹರಿಯುತ್ತೆ” ಎಂದು ಮಾಮ ಪುಸ್ತಕವನ್ನು ಆಚೆಗೆ ಸರಿಸಿದರು. ಅವರ ಕಣ್ಣೂ ನೆಟ್ಟಗಿರಲಿಲ್ಲ.

ಕೋರ್ಟಿನ ದಿನ ಇಡೀ ಕಾಲ್ಟೆನ್‌ರೋಡ್ ಬಸ್ಸು ಹತ್ತಿತ್ತು. ನ್ಯಾಯಾಧೀಶೆ ಕನ್ನಡಕದ ಹೆಂಗಸು, ಮಾತು ಕಡಿಮೆ. ಮಾಮ ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ರೇಬೈನನ ವಕೀಲ ನಯವಾಗಿ ನಕ್ಕ. “ಹಿರಿಯರ ನೆನಪು, ಗೌರವಿಸೋಣ. ಆದರೆ ಇವರು ತಂದಿರೋದು ಬರೀ ಮೊಲದ ಪುಸ್ತಕ ಮೇಡಂ. ಅದನ್ನ ಸಾಬೀತು ಮಾಡೋಕೆ ಜಿಲ್ಲೆಯಲ್ಲೇ ದೊಡ್ಡ ತಜ್ಞರನ್ನ ಕರೆಸಿದ್ದೀನಿ.”

ಒಳಗೆ ಬಂದವನನ್ನು ನೋಡಿ ನಮ್ಮ ಬೆಂಚಿನಲ್ಲಿ ಎಲ್ಲರ ಮುಖ ಹುಳ್ಳಗಾಯಿತು. ಏವಾಲ್ಡ್ ಕ್ರಿಂಗೆಲ್! ಜಿಲ್ಲೆಯ ಮೊಲ ಸಾಕುವವರ ಅಧ್ಯಕ್ಷ, ಮೊಲದ ಪ್ರದರ್ಶನಗಳ ತೀರ್ಪುಗಾರ. ಅಷ್ಟೇ ಆಗಿದ್ದರೆ ಸರಿಯಿತ್ತು. ವೀಸೆಲ್‌ಬಾಖ್ ಫುಟ್‌ಬಾಲ್ ಸಂಘದ ಅಧ್ಯಕ್ಷನೂ ಅವನೇ. ಕ್ಯಾರೆಟ್ಟಿನ ಬುಟ್ಟಿ ಹೊತ್ತು ತರುತ್ತಿದ್ದವನೂ ಅವನೇ.

“ಮುಗೀತು ಬಿಡಿ” ಎಂದರು ಹಾಪ್. ಅವರಿಗೆ ಬರುತ್ತಿದ್ದುದು ಅದೊಂದೇ ಮಾತು.

ಬರಹವನ್ನೆಲ್ಲ ಕೋರ್ಟಿನವರು ಈಗಿನ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರು. ಕ್ರಿಂಗೆಲ್ ನನ್ನತ್ತ ಒಂದು ನಗೆ ಬಿಸಾಕಿ, ಗತ್ತಿನಿಂದ ಕೂತು ಓದಲು ಶುರುಮಾಡಿದ. ಎರಡನೇ ಪುಟಕ್ಕೆ ಹುಬ್ಬು ಗಂಟಾಯಿತು. ನಾಲ್ಕನೇ ಪುಟಕ್ಕೆ ಕತ್ತು ಕೆಂಪಾಯಿತು.

“ಇದ್ಯಾವ ಮಂಗ ಬರೆದಿದ್ದು?” ಎಂದ.

“ನಮ್ಮಪ್ಪ!” ಎಂದು ನಾನು ಎದ್ದೆ. ಹಾಪ್ ನನ್ನ ಸ್ಕರ್ಟು ಹಿಡಿದು ಕೂರಿಸಿದರು.

“ಇದು ಮೊಲದ ಪುಸ್ತಕವೇ?” ಎಂದು ಕೇಳಿದರು ನ್ಯಾಯಾಧೀಶೆ.

ವಕೀಲ ಅವನತ್ತ ನೋಡಿ ಕತ್ತು ಆಡಿಸಿದ, ಹೌದೆನ್ನು ಎನ್ನುವಂತೆ. ಆದರೆ ಕ್ರಿಂಗೆಲ್‌ನ ಮೊಲದ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. “ಮೊಲದ ಪುಸ್ತಕವಾ ತಾಯಿ, ಇದು? ಹನ್ನೊಂದು ಗಂಡು, ಒಂದೂ ಹೆಣ್ಣಿಲ್ಲ. ಒಂಬತ್ತು ವರ್ಷ! ಮರಿ ಎಲ್ಲಿಂದ ಬರ್ಬೇಕು, ಅಂಚೇಲಾ? ಹನ್ನೊಂದು ಗಂಡು ಒಟ್ಟಿಗೆ ಬಿಟ್ರೆ ಒಂದು ವಾರಕ್ಕೆ ಕಚ್ಚಾಡ್ಕೊಂಡು ಸಾಯ್ತಾವೆ! ತೂಕ ನೋಡಿ. ಹನ್ನೊಂದು ದೊಡ್ಡ ತಳಿ ಮೊಲಕ್ಕೆ ಒಟ್ಟು ತೂಕ ನಾಲ್ಕು ಪಾಯಿಂಟ್ ಎರಡು ಕಿಲೋ! ನನ್ನ ಒಂದು ಮೊಲವೇ ಏಳು ಕಿಲೋ ತೂಗುತ್ತೆ. ಇಲ್ಲಿ ನೋಡಿ, ಅಯ್ಯೋ ಕರ್ಮವೇ, ಇಲ್ಲಿ ಹನ್ನೊಂದು ಮೊಲದ ತೂಕ ಸೊನ್ನೆ ಪಾಯಿಂಟ್ ಸೊನ್ನೆ!”

“ಆವತ್ತು ಗೋಲಲ್ಲಿ ನಾನಿದ್ದೆ” ಎಂದರು ಮಾಮ, ಎದೆ ಸೆಟೆಸಿ.

ಕೋರ್ಟೇ ಘೊಳ್ಳೆಂದಿತು. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು, ಬಹಳ ಹೊತ್ತು. ಕ್ರಿಂಗೆಲ್ ಮಾತ್ರ ನಗಲಿಲ್ಲ. ಅದೇ ಪುಟದ ಬಲಗಡೆಯ ಪಟ್ಟಿ ಓದುತ್ತಿದ್ದ. ‘ವೀಸೆಲ್‌ಬಾಖಿನಿಂದ ಬಂದ ಗಂಡುಗಳು ಹನ್ನೊಂದು.’

“ಇದೊಂದು ಬೇರೆ” ಎಂದು ಗೊಣಗಿದ. “ಹರಿದಕಿವಿ ಅಂತ ಒಂದು ಮೊಲ. ಕಿವಿ ಹರಿದಿದ್ರೆ ಪ್ರದರ್ಶನಕ್ಕೇ ತಗೊಳ್ಳಲ್ಲ...” ಅಲ್ಲಿಗೆ ಮಾತು ನಿಂತಿತು. ಅವನ ದೊಡ್ಡ ಕೈ ನಿಧಾನವಾಗಿ ತನ್ನ ಎಡಗಿವಿಯ ಮೇಲೆ ಹೋಯಿತು.

“ಪೀಟರ್ ಕ್ರಿಂಗೆಲ್” ಎಂದರು ಮಾಮ ಮೆತ್ತಗೆ. “ಗಣಿಯ ಕಲ್ಲು ಸಿಡಿದು ಅರ್ಧ ಕಿವಿ ಹೋಗಿತ್ತು. ಎಡಗಾಲಲ್ಲಿ ಹೊಡೆದ್ರೆ ಚೆಂಡು ಕಾಣ್ತಾನೇ ಇರ್ಲಿಲ್ಲ ಕಣಪ್ಪಾ.”

ಕ್ರಿಂಗೆಲ್ ಕರ್ಚೀಫು ಹುಡುಕಿದ, ಸಿಗಲಿಲ್ಲ, ತೋಳಿನಲ್ಲೇ ಮೂಗೊರೆಸಿಕೊಂಡ. “ನಮ್ಮನೇಲಿ ಆವಾಗ ಮೊಲವೇ ಇರ್ಲಿಲ್ಲ ತಾಯಿ. ಆದ್ರೂ ಅಪ್ಪ ಭಾನುವಾರ ಬೆಳಿಗ್ಗೆ ಒಂದು ಚೀಲ ಹುಲ್ಲು ತರ್ತಿದ್ದ. ಯಾರಿಗಪ್ಪಾ ಇದು ಅಂದ್ರೆ ಮಾತಾಡ್ತಿರ್ಲಿಲ್ಲ. ಹುಲ್ಲು ಬಾಡಿ ಹೋಗ್ತಿತ್ತು. ಅಯ್ಯೋ ಹಾಳಾಗುತ್ತಲ್ಲ ಅಂತ ನಾನೇ ಹಠ ಹಿಡಿದು ಒಂದು ಮರಿ ತಂದ್ಕೊಂಡೆ. ನನ್ನ ಮೊದಲನೇ ಮೊಲ.” ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. “ಇದು ಮೊಲದ ಪುಸ್ತಕ ಅಲ್ಲ. ಇದು ಫುಟ್‌ಬಾಲು. ನಮ್ಮಪ್ಪ ಆಡಿದ್ದು. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ.”

ವಕೀಲ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಇದು ನಿಜವೇ ಆಗಿದ್ದರೂ ನಲವತ್ತಮೂರರಿಂದ ಮೂರು ವರ್ಷ ಆಡಿದವರಲ್ಲಿ ಹೆಂಗಸರೇ ಹೆಚ್ಚು, ಅವರು ಸಂಘದ ಸದಸ್ಯರಲ್ಲ, ಅದನ್ನು ಪಂದ್ಯ ಎನ್ನಲಾಗದು ಎಂದ. ನ್ಯಾಯಾಧೀಶೆ ಅಡೆಲ್‌ಹೈಡಳ ಪತ್ರವನ್ನು ಎತ್ತಿಕೊಂಡು ಮತ್ತೊಮ್ಮೆ ಓದಿದರು.

“ಫುಟ್‌ಬಾಲ್ ಪಂದ್ಯ ಅಂತಿದೆ. ಗಂಡಸರ ಪಂದ್ಯ ಅಂತ ಎಲ್ಲಿದೆ, ತೋರಿಸಿ” ಎಂದರು.

ಅವನು ಹುಡುಕಿದ. ಇರಲಿಲ್ಲ.

ಉಳಿದದ್ದು ತಾರೀಖಿನ ಮಾತು. ಅದಕ್ಕೆ ನಾವು ಏನೂ ಮಾಡಬೇಕಾಗಿರಲಿಲ್ಲ. ಪುಟಪುಟಕ್ಕೂ ಠಾಣೆಯ ಮುದ್ರೆಯಿತ್ತು. ನಮ್ಮ ಸಂಘಕ್ಕೆ ಬೀಗ ಹಾಕಿದವರೇ, ನಾವು ಒಂದು ವರ್ಷವೂ ನಿಲ್ಲದೆ ಆಡಿದೆವು ಎಂದು ಹನ್ನೆರಡು ವರ್ಷ ತಮ್ಮ ಕೈಯಾರೆ ಮುದ್ರೆ ಒತ್ತಿ ಕೊಟ್ಟಿದ್ದರು. ನಲವತ್ತೈದರ ಮೇ ಆರರ ಪುಟದಲ್ಲಿ ಮಾತ್ರ ಮುದ್ರೆ ಇರಲಿಲ್ಲ, ಹವಾಲ್ದಾರ ಅಷ್ಟರಲ್ಲಿ ಓಡಿಹೋಗಿದ್ದ. ಅಲ್ಲಿ ಒಬ್ಬ ಅಮೆರಿಕನ್ ಸೈನಿಕ ಪೆನ್ಸಿಲ್ಲಿನಲ್ಲಿ ತನ್ನ ಭಾಷೆಯಲ್ಲಿ ‘ಮೊಲಗಳು, ಪರವಾಗಿಲ್ಲ’ ಎಂದು ಗೀಚಿ, ತಾರೀಖು ಹಾಕಿ ಸಹಿ ಮಾಡಿದ್ದ.

ಮೈದಾನ ನಮ್ಮದೆಂದು ತೀರ್ಪಾಯಿತು. ರೇಬೈನ್ ಹಿಂದಿನ ಬಾಗಿಲಿನಿಂದ ಹೋದನಂತೆ, ನಾನು ನೋಡಲಿಲ್ಲ. ನಾನು ಆಗ ಹಾಪ್ ಅವರನ್ನು ಎತ್ತಿ ತಿರುಗಿಸುತ್ತಿದ್ದೆ, ಅವರು “ಮುಗೀತು, ಮುಗೀತು!” ಎಂದು ಕೂಗುತ್ತಿದ್ದರು.

ಮರುವರ್ಷ ಮೇ ಮೊದಲ ಭಾನುವಾರ ಮೂಕಾಟಕ್ಕೆ ಎದುರು ತಂಡವಾಗಿ ಬಂದವರು ವೀಸೆಲ್‌ಬಾಖಿನವರು. ಕ್ರಿಂಗೆಲ್ ಕೈಯಲ್ಲಿ ಅದೇ ಬುಟ್ಟಿ. ಕ್ಯಾರೆಟ್ ಎಸೆಯಲಿಲ್ಲ, ತಂದು ನನ್ನ ಕೈಗೆ ಕೊಟ್ಟ. “ತೊಳೆದು ತಂದಿದ್ದೀನಿ ಕಣಮ್ಮಾ. ಸೂಪಿಗೆ ನಮ್ಮನ್ನೂ ಕರಿ.” ನಮ್ಮವರ ಅಂಗಿಗಳ ಎದೆಯ ಮೇಲೆ ನಾನು ಚಳಿಗಾಲವೆಲ್ಲ ಕೂತು ಒಂದೊಂದು ಮೊಲ ಹೊಲಿದಿದ್ದೆ, ಕಿವಿ ನೆಟ್ಟಗೆ ನಿಂತ ಮೊಲ. ಹನ್ನೆರಡನೆಯ ಅಂಗಿ ನನಗೇ ಹೊಲಿದುಕೊಂಡಿದ್ದೆ. ನಲವತ್ತೊಂಬತ್ತರ ಹೆಂಗಸು ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿದದ್ದನ್ನು ನೋಡಿ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬಿಯರ್ ಕುಡಿಸಬೇಕಿತ್ತು.

ಹುಲ್ಲಿನ ಮೇಲೆ ಇಬ್ಬನಿ ದಟ್ಟವಾಗಿತ್ತು. ಇಪ್ಪತ್ತು ನಿಮಿಷಕ್ಕೇ ಎರಡು ಸಲ ಬಿದ್ದು ನನ್ನ ಮಂಡಿ ಒದ್ದೆಯಾದವು. ವೆಂಡೆಲಿನ್ ಮಾಮ ನಮ್ಮ ಗೋಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುನ್ನೂರು ಜನ ನೆರೆದಿದ್ದರೂ ಬೂಟು ಚೆಂಡಿಗೆ ತಾಗುವ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಆಗ ಎಲ್ಲಿಂದಲೋ ಉರುಳಿಕೊಂಡು ಬಂದ ಚೆಂಡು, ವೀಸೆಲ್‌ಬಾಖಿನ ಗೋಲಿನೆದುರು ನನ್ನ ಕಾಲ ಬಳಿ ನಿಂತಿತು. ನಾನು ಅದನ್ನೇ ನೋಡುತ್ತಾ ನಿಂತೆ.

“ಹೊಡಿಯೇ ಲೋನಿ!”

ಐವತ್ತೆರಡು ವರ್ಷದಿಂದ ಆ ಮೈದಾನದಲ್ಲಿ ಗಂಟಲಲ್ಲೇ ಉಳಿದಿದ್ದ ಕೂಗು ಅದು. ಮಾಮ ಕುರ್ಚಿ ಬೀಳಿಸಿ ಎದ್ದು ನಿಂತಿದ್ದರು, ಕೈಯೆರಡೂ ಮೇಲೆ. “ಲೋನಿ! ಹೊಡಿಯೇ!”

ಹೊಡೆದೆ. ಬಲೆ ಉಬ್ಬಿತು. ನಮ್ಮವರು, ವೀಸೆಲ್‌ಬಾಖಿನವರು, ಕ್ರಿಂಗೆಲ್, ಹಾಪ್, ಪಾದ್ರಿ, ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಕೂಗಿದ ಕೂಗಿಗೆ ಗಣಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಎಲ್ಲರೂ ಪದ್ಧತಿ ಮುರಿದಿದ್ದರಿಂದ ಎಲ್ಲರೂ ಎಲ್ಲರಿಗೂ ಬಿಯರ್ ಕುಡಿಸಬೇಕಾಯಿತು.

ಆ ದಿನದ ಪಂದ್ಯವನ್ನು ಸಂಜೆ ನಾನೇ ಪುಸ್ತಕದಲ್ಲಿ, ಅಮ್ಮನ ಪುಟಗಳ ಮುಂದೆ ಬರೆದೆ. ಮೇ ೫, ೧೯೮೫. ಗಂಡು ಹತ್ತು, ಹೆಣ್ಣು ಒಂದು. ತೂಕ, ಒಂದು ಪಾಯಿಂಟ್ ಸೊನ್ನೆ ಕಿಲೋ.